ಹಸಿರು ದೀಪದ ಮೂರು ದಂಡ

ದಂಡ ಮಾಫಿ ಮಾಡಿಸಿಕೊಡಿ ಎಂದು ಗೋಗರೆಯುವವರನ್ನು ನಾನು ಬೇಕಾದಷ್ಟು ಕಂಡಿದ್ದೆ. ಇನ್ನೊಂದು ದಂಡ ಯಾವಾಗ ಬಂದೀತು ಎಂದು ಹಂಬಲಿಸಿ ಕೂತ ಹೆಂಗಸನ್ನು ಕಂಡದ್ದು ಆ ಭಾನುವಾರವೇ ಮೊದಲು.

ಇಚಲಕರಂಜಿಯ ಶಹಾಪುರದಲ್ಲಿ, ಮಗ್ಗದ ಶೆಡ್ಡುಗಳ ನಡುವೆ ನಮ್ಮದೊಂದು ವಾಚನಾಲಯವಿತ್ತು. ಎರಡು ಬೆಂಚು, ಒಂದು ಮೇಜು, ಮೂರು ಪತ್ರಿಕೆ. ಭಾನುವಾರ ಒಬ್ಬ ಗಟ್ಟಿಯಾಗಿ ಓದುವುದು, ಉಳಿದವರು ಅವನ ಜೊತೆ ಜಗಳ ತೆಗೆಯುವುದು. ಮಗ್ಗ ರಿಪೇರಿ ಮಾಡುವ ಅಪ್ಪಣ್ಣನಾದ ನನ್ನ ಹತ್ತಿರ ಅದರ ಕೀಲಿ ಇತ್ತು ಅಷ್ಟೇ. ಜನ ಬರುತ್ತಿದ್ದದ್ದು ಮುಕ್ತಾಬಾಯಿಗಾಗಿ. ಮೂವತ್ತು ವರ್ಷ ಆಕೆ ಮಗ್ಗದಿಂದ ಇಳಿದ ಬಟ್ಟೆಯನ್ನು ಮೇಜಿನ ಮೇಲೆ ಹರಡಿ ದೋಷ ಹುಡುಕುವ ಕೆಲಸ ಮಾಡಿದ್ದಳು. ಎಲ್ಲಿ ಎಳೆ ತಪ್ಪಿದೆ, ಯಾರ ಪಾಳಿಯಲ್ಲಿ ತಪ್ಪಿದೆ, ನಿದ್ದೆಗಣ್ಣಲ್ಲೋ ಹಸಿವಿನಲ್ಲೋ ಎಂಬುದನ್ನು ಬೆರಳಿನಿಂದಲೇ ಹೇಳುತ್ತಿದ್ದಳು. ಬಟ್ಟೆಯಿಂದ ಮನುಷ್ಯರ ಕಡೆಗೆ ತಿರುಗಿದ್ದು ಆಮೇಲೆ. ಪೊಲೀಸರು ಕೈಬಿಟ್ಟ ನಾಲ್ಕಾರು ಪ್ರಕರಣಗಳನ್ನು ಅದೇ ಮೇಜಿನ ಮೇಲೆ ಹರಡಿ ಬಿಡಿಸಿದ್ದಳು.

ಬಂದ ಹೆಂಗಸು ದತ್ತವಾಡದ ಮಾಯವ್ವ, ಕುರಿ ಸಾಕುವವರ ಮನೆಯವಳು. ಹಿಂದೆ ಅವಳ ಮೈದುನ ಕೇದಾರಿ, ಹೆಗಲ ಮೇಲೆ ಕಂಬಳಿ, ನೆಲದ ಮೇಲೆ ಕಣ್ಣು. ಇಬ್ಬರಿಗೂ ಚಹಾ ಕೊಟ್ಟೆ. ಕೇದಾರಿ ನಾನು ಬಲಗೈಗೆ ಕೊಟ್ಟ ಬಶಿಯನ್ನು ಎಡಗೈಗೆ ದಾಟಿಸಿಕೊಂಡು, ಹೊಸ್ತಿಲ ಮೇಲೇ ಕೂತು ಕುಡಿದ.

"ಒಳಗ ಬಾರೋ ತಮ್ಮಾ, ಬೆಂಚು ಕಡ್ಯಾಂಗಿಲ್ಲ" ಎಂದಳು ಮುಕ್ತಾಬಾಯಿ.

"ಇಲ್ಲೇ ಬರೋಬರ ಐತ್ರಿ ಅಕ್ಕಾರ."

ಮಾಯವ್ವ ಎಲೆಯಡಿಕೆಯ ಚೀಲ ಬಿಚ್ಚಿ ಮೊಬೈಲು ಹೊರತೆಗೆದಳು. ಚೀಲದ ಬಾಯಿಗೆ ಕರಿ ಉಣ್ಣೆಯ ಹುರಿ ಇತ್ತು.

"ಮನಿಯವ್ರು ಹೋದ ಮಳೆಗಾಲದಾಗ ಹ್ವಾದವ್ರು ಇನ್ನಾ ಬಂದಿಲ್ರಿ. ಕುರಿಗೆ ಔಷಧ ತರ್ತೀನಂತ ಇದ ಊರಿಗೆ ಬಂದಿದ್ರು. ಅವತ್ತ ಸಂಜೀಕ ಹೊಳಿ ಏರ್ತು. ಹೊಳಿ ಒಯ್ತು ಅಂತಾರ ಮಂದಿ. ಹೊಳಿ ಒಯ್ದಿದ್ರ ಗಾಡೀನರ ಸಿಗಬೇಕಲ್ರಿ? ಅವರಿಲ್ಲ, ಗಾಡಿ ಇಲ್ಲ. ಆದ್ರ ಗಾಡೀಗೆ ದಂಡ ಬರಾಕತ್ತೇತಿ. ಮೂರು ಸಲ."

ಗಂಡನ ಹೆಸರು ಅವಳ ಬಾಯಿಂದ ಬರುವುದಿಲ್ಲವೆಂದು ತಿಳಿದು ಕೇದಾರಿ ಹೊಸ್ತಿಲಿನಿಂದಲೇ ಹೇಳಿದ: "ಧೋಂಡಿಬಾರಿ. ನಮ್ಮಣ್ಣ."

ಆ ಮೋಟಾರು ಸೈಕಲ್ಲು ಕೊಂಡಾಗ ಧೋಂಡಿಬಾ ಹೆಂಡತಿಯ ನಂಬರು ಬರೆಸಿದ್ದ. ಹೀಗಾಗಿ ದಂಡದ ಸಂದೇಶಗಳು ಅವಳ ಮೊಬೈಲಿಗೆ ಬಂದಿದ್ದವು. ಮೂರಕ್ಕೂ ಕಾರಣ ಒಂದೇ: ಮುಂದಿನ ದೀಪ ಬಣ್ಣದ್ದು. ಮೊದಲು ಐನೂರು, ಆಮೇಲೆ ಎರಡು ಸಲ ಹದಿನೈದು ನೂರು. ಪ್ರತಿಯೊಂದಕ್ಕೂ ಪೊಲೀಸರು ತೆಗೆದ ಫೋಟೋ ಇತ್ತು. ಅಕ್ಟೋಬರಿನಲ್ಲಿ ಹಾತಕಣಂಗಲೆ: ನಡುಹಗಲ ರಸ್ತೆ, ಹೆಲ್ಮೆಟ್ ಹಾಕಿದ ಸವಾರ, ಉರಿಯುವ ಹಸಿರು ದೀಪ. ಡಿಸೆಂಬರಿನಲ್ಲಿ ಗಡಹಿಂಗ್ಲಜ: ರಸ್ತೆ ಬದಿಗೆ ನಿಂತ ಗಾಡಿ, ಯಾರೂ ಇಲ್ಲ, ಹಸಿರು ದೀಪ ಉರಿಯುತ್ತಿತ್ತು. ಫೆಬ್ರುವರಿಯಲ್ಲಿ ಕೊಲ್ಹಾಪುರ: ಹಾಗೆಯೇ ನಿಂತ ಗಾಡಿ, ತೀರ ಹತ್ತಿರದಿಂದ. ಮುಂದಿನ ನಂಬರ್ ಪ್ಲೇಟನ್ನು ಬೆರಳು ದಪ್ಪದ ಕರಿ ಉಣ್ಣೆ ಹುರಿಯಿಂದ ಬಿಗಿದಿದ್ದು ಸ್ವಚ್ಛ ಕಾಣುತ್ತಿತ್ತು.

"ನೋಡ್ರಿ" ಎಂದು ಮಾಯವ್ವ ಆ ಹುರಿಯ ಮೇಲೆ ಬೆರಳಿಟ್ಟಳು. "ಪ್ಲೇಟು ಸಡಲಾದಾಗ ಅವರು ಹಿಂಗ ಕಟ್ಟಿದ್ರು. ತಾವ ನೂತದ್ದು, ಈ ಚೀಲದ ಹುರಿ ಹಂಗ. ಗಾಡಿ ಅವರದ ಖರೇ. ಎಲ್ಲಿ ಅದಾರಂತ ಹುಡುಕಿ ಕೊಡ್ರಿ ಬಾಯಾರ. ಬರೂದು ಬಿಡೂದು ಅವರಿಗೆ ಬಿಟ್ಟದ್ದು. ಅದಾರಂತ ಗೊತ್ತಾದ್ರ ಸಾಕು."

ಮುಕ್ತಾಬಾಯಿ ಬಹಳ ಹೊತ್ತು ಆ ಫೋಟೋ ನೋಡಿದಳು. ಬೆರಳಿನಿಂದ ಹಿಗ್ಗಿಸಿದಳು. ಮತ್ತೆ ಮಾಯವ್ವನ ಚೀಲದ ಕಡೆ ನೋಡಿದಳು. ಅವಳ ಮುಖ ಸಣ್ಣದಾದದ್ದು ನನಗೆ ಕಂಡಿತು. ಕಾರಣ ತಿಳಿಯಲಿಲ್ಲ.

"ಹಸಿರು ದೀಪ ಯಾಕ ಹಾಕಿದ್ರು?"

"ಬಿಳಿ ಬೆಳಕಿಗೆ ಕುರಿ ಬೆದರ್ತಾವ್ರಿ. ಒಮ್ಮೆ ಹಿಂಡಿಗೆ ಹಿಂಡ ಕಬ್ಬಿನಾಗ ಹೊಕ್ಕು ದೊಡ್ಡ ರಾಮಾಯಣಾತು. ಅದಕ ಗಾಜಿನ ಒಳಗ ಹಸಿರು ಕಾಗದ ಹಾಕಿದ್ರು. ಆಮ್ಯಾಲ ನನಗ ಅದ ರೂಢಿ ಆತು. ಹೊತ್ತು ಮುಳುಗೂ ಮುಂದ ರಸ್ತೆ ನೋಡ್ಕೋತ ಕುಂದ್ರೂದು. ಬಿಳಿ ದೀಪ ನೂರು ಹೊಕ್ಕಾವು. ಕಬ್ಬಿನ ತಿರುವಿನಾಗ ಹಸಿರು ಕಂಡ್ರ ಸಾಕು, ಹಂಚ ಇಡ್ತಿದ್ದೆ. ಅವರು ಬಂದು ಕೈ ತೊಳಕೊಳ್ಳೂದ್ರಾಗ ಮೊದಲನೇ ರೊಟ್ಟಿ ಉಬ್ಬಿರತಿತ್ತು."

ಪಕ್ಕದ ಶೆಡ್ಡಿನ ಮಗ್ಗಗಳಷ್ಟೇ ಹೊಡೆದುಕೊಳ್ಳುತ್ತಿದ್ದವು.

"ಠಾಣೆದಾಗ ತಕ್ರಾರ ಕೊಟ್ರೇನು?" ನಾನು ಕೇಳಿದೆ.

"ನಾಕು ಸಲ ಹೋದ್ನಿ. ಮಳಿ ನಿಂದ್ರಲಿ ಅಂದ್ರು. ಮಳಿ ನಿಂತ ಮ್ಯಾಲ, ಕುರಿಯಂವ ಎಲ್ಲರ ತಿರಗಾಕ ಹೋಗಿರ್ತಾನ ಬಿಡು ಅಂದ್ರು."

ನನಗೆ ಮೈ ಉರಿಯಿತು. ಮುಂದಿನ ದೀಪ ಬಿಳಿ ಇರಬೇಕು, ಇಲ್ಲವೆ ನಿಯಮ ಒಪ್ಪುವ ತಿಳಿಹಳದಿ ಇರಬೇಕು. ಹಸಿರು, ನೀಲಿ, ಕೆಂಪು ಕೂಡದು. ಸರಿ, ಒಪ್ಪಿದೆ. ಎದುರಿನವನ ಕಣ್ಣು ಕುಕ್ಕಬಾರದು. ಆದರೆ ಕಣ್ಣು ಕುರುಡಾಗಿಸುವ ನೀಲಿ ಬಿಳುಪಿನ ಬೆಳಕು ಚೆಲ್ಲಿಕೊಂಡು ಬರುವ ದೊಡ್ಡ ಕಾರುಗಳಿಗೆ ದಾರಿ ಬಿಡಿಸಿಕೊಡುವ ಕೈ, ಕುರಿ ಬೆದರದಿರಲೆಂದು ಒಂದು ತುಂಡು ಕಾಗದ ಇಟ್ಟವನ ಫೋಟೋ ತೆಗೆಯುತ್ತದೆ. ದೀಪದ ಬಣ್ಣ ಮೂರು ಊರಲ್ಲಿ ಕಂಡ ಸರಕಾರಕ್ಕೆ ದೀಪದ ಹಿಂದಿನ ಮನುಷ್ಯ ಒಂದು ಊರಲ್ಲೂ ಕಾಣಲಿಲ್ಲ.

"ಭಾಷಣ ಆಮ್ಯಾಲ ಮಾಡೂಯಂತ ಅಪ್ಪಣ್ಣಾ" ಎಂದಳು ಮುಕ್ತಾಬಾಯಿ, ನಾನು ಬಾಯಿಬಿಡುವ ಮೊದಲೇ. ಮಾಯವ್ವನ ಕಡೆ ತಿರುಗಿ ಕೇಳಿದಳು: "ಈ ದಂಡ ಬರೂ ಮುಂದ ನಿಮ್ಮ ಮನ್ಯಾಗ ಏನೇನು ನಡದಿತ್ತು? ನೆನಪಿದ್ದಷ್ಟು ಹೇಳ್ರಿ."

"ಮೊದಲನೇದು ಬರೂ ಮುಂದ ನಾ ಮಲಗೇ ಬಿಟ್ಟಿದ್ನಿ. ಎರಡು ತಿಂಗಳ ಅನ್ನ ಸೇರತಿದ್ದಿಲ್ಲ. ದಂಡ ಬಂತು, ಎದ್ದು ಕುಂತ್ನಿ. ಅವತ್ತ ರೊಟ್ಟಿ ಬಡದ್ನಿ. ಎರಡನೇದು, ನಮ್ಮ ಹಿರ್ಯಾರು ಕೂಡಿ ಬಳಿ ಒಡಸೂಣು ಅಂದ್ರು. ಅದಾದ ಮೂರನೇ ದಿನಕ ಬಂತು. ಮೂರನೇದು, ಜಿನಗೊಂಡ ಅಣ್ಣಾರಿಗೆ ಹಿಂಡು ಮಾರಿ ಬಿಡ್ತೀನಂತ ನಾ ಮಾತು ಕೊಟ್ಟಿದ್ನಿ. ಅದಾದ ಮೂರನೇ ದಿನಕ. ದೇವರ ತಡದ ನೋಡ್ರಿ."

"ದೇವರ ಇರಬೇಕು" ಎಂದಳು ಮುಕ್ತಾಬಾಯಿ. ಅವಳು ದೇವರನ್ನು ನಂಬುವವಳಲ್ಲ. "ಬರೂ ಭಾನುವಾರ ಇಬ್ರೂ ಬರ್ರಿ. ಅವ್ವಾ, ಆ ಚೀಲದ ಹುರಿ ಒಂದು ವಾರ ನನಗ ಕೊಡ್ತೀರಿ?"

ಮಾಯವ್ವ ಅನುಮಾನಿಸಿದಳು. ಆಮೇಲೆ ಬಿಚ್ಚಿ ಕೊಟ್ಟಳು, ಮಗುವನ್ನು ಕೊಡುವ ಹಾಗೆ.

ಮರುದಿನದಿಂದ ನನಗೆ ಕೆಲಸ ಹತ್ತಿತು. "ಗಾಡಿ ಹಳೇದು, ದೀಪದ ಗಾಜು ಹೊಸದು" ಎಂದಿದ್ದಳು ಮುಕ್ತಾಬಾಯಿ. "ಯಾರ ಹಾಕಿದ್ರು ಕೇಳಿಕೊಂಡು ಬಾ." ಹನ್ನೊಂದು ಗ್ಯಾರೇಜು ಅಲೆದೆ. ಹನ್ನೆರಡನೆಯದು ಸ್ವಪ್ನಿಲನದು. ಅವನ ಅಂಗಡಿಯ ಮುಂದೆ ಕೆಂಪು, ನೀಲಿ, ನೇರಳೆ ದೀಪಗಳು ತೋರಣದಂತೆ ತೂಗುತ್ತಿದ್ದವು. ಮುಕ್ತಾಬಾಯಿಯನ್ನು ಕರೆದುಕೊಂಡು ಹೋದೆ.

"ಇವಕ್ಕೆಲ್ಲಾ ಕಾಯದೇದ ಒಪ್ಪಿಗಿ ಐತೇನೋ?" ಎಂದಳು.

"ಅಂಗಡ್ಯಾಗ ಮಾರಿದ್ರ ಧಂದೆರಿ ಬಾಯಿ, ರಸ್ತೆದಾಗ ಹಚ್ಚಿದ್ರ ಗುನ್ಹೆ. ಮಾರಾವಂಗ ನಮಸ್ಕಾರ, ಹಚ್ಚಾವಂಗ ದಂಡ. ಅದು ನಾ ಮಾಡಿದ್ದಲ್ರಿ!" ಸ್ವಪ್ನಿಲ ನಕ್ಕ. ಫೋಟೋ ತೋರಿಸಿದ ಕೂಡಲೇ ನಗು ನಿಂತಿತು.

"ಈ ಗಾಡಿ ನೀನ ರಿಪೇರಿ ಮಾಡಿದ್ದಲ್ಲ?"

"ಮಾಡೇನಿ. ಯಾರ ತಂದ್ರು ಹೇಳಂಗಿಲ್ರಿ. ಭಂಡಾರ ಮುಟ್ಟಿಸಿ ಆಣಿ ತಗೊಂಡಾರ." ಭಂಡಾರವೆಂದರೆ ಬೀರದೇವರ ಗುಡಿಯ ಅರಿಷಿಣ, ಅದನ್ನು ಮುಟ್ಟಿದ ಮಾತನ್ನು ಈ ಕಡೆಯವರು ಮುರಿಯುವುದಿಲ್ಲ.

"ಹೆಸರು ಬ್ಯಾಡ. ಗಾಡಿದ ಮಾತರ ಹೇಳು. ಇದರ ದೀಪ ಹೆಂಗ ಹತ್ತತೇತಿ?"

"ಹಳೇ ಮಾಡೆಲ್ ರಿ. ಈಗಿನ ಗಾಡಿಯಂಗ ದೀಪ ತಾನ ಹತ್ತಾಂಗಿಲ್ಲ, ಸ್ವಿಚ್ ಒತ್ತಬೇಕು. ಮತ್ತ ಇಂಜನ್ ಚಾಲೂ ಇದ್ರ ಅಷ್ಟ ಹತ್ತತೇತಿ, ಬಂದ್ ಆದ್ರ ಆರತೇತಿ."

ಮುಕ್ತಾಬಾಯಿ ನನ್ನ ಕಡೆ ನೋಡಿದಳು. ನಾನು ಸುಮ್ಮನೆ ತಲೆಯಾಡಿಸಿದೆ, ಏನೂ ಹೊಳೆದಿರಲಿಲ್ಲ.

ಸ್ವಪ್ನಿಲ ಒಳಗೆ ಹೋಗಿ ಒಂದು ತಗಡಿನ ಡಬ್ಬಿ ತಂದ. "ಬಿಚ್ಚಿದ ಹಳೇ ಸಾಮಾನು ಇದರಾಗ ಐತ್ರಿ. ಒಗೀಯಾಕ ಮನಸ್ಸಾಗಲಿಲ್ಲ. ಬಾಯಿ ಬಿಡಂಗಿಲ್ಲ ಅಂದೇನಿ, ಡಬ್ಬಿ ತಗೀಯಂಗಿಲ್ಲ ಅಂದಿಲ್ಲ."

ಡಬ್ಬಿಯಲ್ಲಿ ತುಕ್ಕು ಹಿಡಿದ ದೀಪದ ಚಿಪ್ಪು, ಒಣಗಿದ ಕಪ್ಪು ಕೆಸರು, ತುಂಡಾದ ಒಂದು ಉಣ್ಣೆ ಹುರಿ. ಹುರಿಯನ್ನು ಕೊಡವಿದರೆ ಮರಳು ಉದುರಿತು.

ಅಲ್ಲಿಂದ ದತ್ತವಾಡಕ್ಕೆ ಹೋದೆವು. ಜಿನಗೊಂಡ ಆ ಊರಿನ ಜೈನ ರೈತ. ಧೋಂಡಿಬಾನ ಹಿಂಡು ಪ್ರತಿ ವರ್ಷ ಅವನ ಹೊಲದಲ್ಲಿ ತಂಗುತ್ತಿತ್ತು. ಗಟ್ಟಿ ದನಿಯ, ಗಟ್ಟಿ ಲೆಕ್ಕದ ಮನುಷ್ಯ.

"ಹಿಂಡು ಕೇಳಿದ್ದು ಖರೇರಿ. ಒಬ್ಬಾಕಿ ಹೆಂಗಸು ಎಷ್ಟಂತ ಮೇಯಿಸ್ಯಾಳು? ಆಕಿ ಹೂಂ ಅಂದಿದ್ಲು. ಕೇದಾರಿ ಅಡ್ಡ ಬಂದ. ಅಣ್ಣ ಬರೂ ಮಟ ಒಂದು ಮರಿನೂ ಕೊಡಂಗಿಲ್ಲ ಅಂತ." ಅವನು ದನಿ ತಗ್ಗಿಸಿದ. "ಅಣ್ಣ ಇಲ್ಲಂದ್ರ ಹಿಂಡಿನ ಯಜಮಾನಕಿ ಯಾರಿಗೆ ಬರತೇತಿ? ವಿಚಾರ ಮಾಡ್ರಿ. ಮುಂಗೈ ತೊಳಕೊಂಡ ಅಷ್ಟಕ್ಕ ಕೈ ಸ್ವಚ್ಛ ಆಗಂಗಿಲ್ಲ."

ವಾಪಸು ಬರುವಾಗ ನಾನು ಕೇದಾರಿಯೇ ಕೊಲೆಗಾರನೆಂದು ತೀರ್ಮಾನಿಸಿದ್ದೆ. ಗಾಡಿಯ ಹಿಂದೆ ಕೂತ ಮುಕ್ತಾಬಾಯಿಗೆ ಹೇಳಿಯೂಬಿಟ್ಟೆ. ಹೊಳೆ ದಾಟುವಾಗ ಅವಳು, "ಸಾವಕಾಶ ಹೋಗು" ಎಂದಳು.

ಭಾನುವಾರ ಎಲ್ಲರೂ ಸೇರಿದರು. ಬೆಂಚಿನ ಮೇಲೆ ಜಿನಗೊಂಡ ಮತ್ತು ಸ್ವಪ್ನಿಲ, ಎದುರಿಗೆ ಮಾಯವ್ವ, ಹೊಸ್ತಿಲ ಮೇಲೆ ಕೇದಾರಿ. ಮುಕ್ತಾಬಾಯಿ ಮೇಜಿನ ಮೇಲೆ ಮೂರು ಫೋಟೋ ಇಟ್ಟಳು. ಆಮೇಲೆ ಎರಡು ಹುರಿ ಇಟ್ಟಳು: ಚೀಲದ್ದೊಂದು, ಡಬ್ಬಿಯದೊಂದು.

"ಅವ್ವಾ, ನಾ ಹೇಳೂದು ಕೇಳಾಕ ಚಲೋ ಇರಂಗಿಲ್ಲ. ನಿಂದ್ರಸು ಅಂದ್ರ ಈಗ ನಿಂದ್ರಸ್ತೀನಿ."

ಮಾಯವ್ವ ಸೆರಗು ಬಿಗಿ ಮಾಡಿಕೊಂಡಳು. "ಹೇಳ್ರಿ."

"ಮೊದಲು ಫೋಟೋ. ಹಾತಕಣಂಗಲೆದಾಗ ಸವಾರ ಗಾಡಿ ಮ್ಯಾಲ ಅದಾನ, ನಡುಹಗಲ ದೀಪ ಹತ್ತೇತಿ. ಆರಸೂದು ಮರತಿದ್ದಾನು, ಆಗತೇತಿ. ಗಡಹಿಂಗ್ಲಜದಾಗ, ಕೊಲ್ಹಾಪುರದಾಗ ಸವಾರ ಇಲ್ಲ, ದೀಪ ಐತಿ. ಇಂಜನ್ ಬಂದ್ ಆದ್ರ ದೀಪ ಆರತೇತಿ ಅಂತ ಸ್ವಪ್ನಿಲ ಹೇಳ್ಯಾನ. ಅಂದ್ರ ಗಾಡಿ ಚಾಲೂ ಬಿಟ್ಟು, ಹಸಿರು ದೀಪ ಬೇಕಂತ ಹಚ್ಚಿ, ಪೊಲೀಸರ ಮುಂದ ನಿಂದ್ರಿಸಿ, ತಾ ಬದಿಗೆ ಸರದು ನಿಂತಾನ. ಮಂದಿ ದಂಡ ತಪ್ಪಿಸಿಕೊಳ್ಳಾಕ ಓಣಿ ಓಣಿ ಹೊಕ್ಕಾರ. ಇಂವ ದಂಡ ಬೇಡಾಕ ಎರಡು ಊರಿಗೆ ಹೋಗ್ಯಾನ. ಯಾಕ?"

ಅವಳು ಮೂರೂ ಫೋಟೋಗಳನ್ನು ಒಂದರ ಪಕ್ಕ ಒಂದು ಸರಿಸಿದಳು.

"ದಂಡ ಯಾರ ಮೊಬೈಲಿಗೆ ಬರತೇತಿ ಅನ್ನೂದು ಅವಗ ಗೊತ್ತಿತ್ತು. ಬಳಿ ಒಡಸೂ ಮಾತು ಬಂತು, ಮೂರನೇ ದಿನಕ ದಂಡ. ಹಿಂಡು ಮಾರೂ ಮಾತು ಬಂತು, ಮೂರನೇ ದಿನಕ ದಂಡ. ಒಲಿ ಮುಂದಿನ ಮಾತು ತಿಳಿಯೂ ಮನಷ್ಯಾ ಅಂವ. ಎಲ್ಲಾರೂ ಲಾಭ ಯಾರಿಗಂತ ಹುಡುಕತಾರ. ನಾ ನಷ್ಟ ಯಾರಿಗಂತ ಹುಡುಕಿದೆ. ಧೋಂಡಿಬಾ ಅದಾನ ಅಂದ್ರ ಜಿನಗೊಂಡ ಅಣ್ಣಾರಿಗೆ ಹಿಂಡು ಸಿಗಂಗಿಲ್ಲ, ಹಂಗಾಗಿ ಅವರಲ್ಲ."

"ಮತ್ತ ನನ್ನ ಯಾಕ ಕರಸೀರಿ?" ಜಿನಗೊಂಡ ಗದರಿದ.

"ಮೊನ್ನೆ ಒಬ್ಬಾಂವನ ಮ್ಯಾಲ ಮಾತು ಆಡೀರಲ್ಲ, ಅದನ್ನ ಅವನ ಮುಂದ ಕೂತು ನುಂಗಬೇಕಲ್ರಿ, ಅದಕ."

ಅವಳು ಡಬ್ಬಿಯ ಹುರಿ ಎತ್ತಿ ಹಿಡಿದಳು. "ಇದು ಹಳೇ ಪ್ಲೇಟಿಗೆ ಕಟ್ಟಿದ್ದು. ಒಳಗ ಹೊಳಿ ಮರಳ ಐತಿ. ಇದರ ಎಳಿ ಹೆಂಗ ತಿರುವೇತಿ ನೋಡ್ರಿ: ಬಲಮುರಿ. ಚೀಲದ್ದೂ ಬಲಮುರಿ. ಎರಡೂ ಒಂದ ಕೈಯಿಂದ ನೂತದ್ದು, ಧೋಂಡಿಬಾನ ಕೈ. ಈಗ ಕೊಲ್ಹಾಪುರದ ಫೋಟೋ ನೋಡ್ರಿ. ಉಣ್ಣೆ ಅದ, ಬಣ್ಣ ಅದ, ಗಂಟೂ ಅದ. ಆದ್ರ ಎಳಿ ಎಡಮುರಿ. ಮೂವತ್ತು ವರ್ಷ ನೂಲು ನೋಡೇನಿ, ಇದರಾಗ ನನ್ನ ಕಣ್ಣು ತಪ್ಪಂಗಿಲ್ಲ. ಪ್ಯಾಟ್ಯಾಗಿನ ಕಳ್ಳ ಆಗಿದ್ರ ತಂತಿಲೆ ಕಟ್ಟತಿದ್ದ. ತಾ ನೂತ ಉಣ್ಣೆಲೆ ಬಿಗೀಯಾಂವ ಕುರುಬನ. ಅದೂ ಎಡಗೈಲೆ ತಕಲಿ ತಿರುವೂ ಕುರುಬ."

ಮಾಯವ್ವ ನಿಧಾನಕ್ಕೆ ಹೊಸ್ತಿಲ ಕಡೆ ತಿರುಗಿದಳು. ಕೇದಾರಿ ಎಡಗೈಯನ್ನು ಕಂಬಳಿಯೊಳಗೆ ಮುಚ್ಚಿಕೊಂಡಿದ್ದ.

"ಕೇದಾರಿ," ಎಂದಳು ಅವಳು, ಬಹಳ ಮೆಲ್ಲಗೆ, "ಗಾಡಿ ಎಲ್ಲಿ ಸಿಕ್ತು?"

"ಹೊಳಿ ಒಡ್ಡಿನ ಬಂಧಾರಿ ಕೆಳಗ, ವೈನಿ. ಜಾಲಿ ಗಿಡದಾಗ ಸಿಕ್ಕೊಂಡಿತ್ತು. ನೀರು ಇಳದ ಮ್ಯಾಲ ಕಂಡ್ನಿ."

"ಅವರು?"

"ಎಂಟು ದಿನ ಹುಡುಕಿದ್ನಿ. ಕೆಳಗಿನ ಊರ ಮಟ ಹೋದ್ನಿ. ಸಿಗಲಿಲ್ಲ."

ಆಮೇಲೆ ಅವನು ಹೇಳಿದ್ದು ತುಂಡು ತುಂಡಾಗಿ ಬಂತು. ಗಾಡಿ ತೋರಿಸಿದರೆ ಅತ್ತಿಗೆ ಸಾಯುತ್ತಾಳೆಂದು ಹೆದರಿದ್ದ. ರಿಪೇರಿ ಮಾಡಿಸಿ, ಅಣ್ಣ ಎಲ್ಲೋ ರೈಲು ಹತ್ತಿ ಹೋದನೆನ್ನುವ ಹಾಗೆ ಹಾತಕಣಂಗಲೆ ರೈಲ್ವೆ ಸ್ಟೇಶನ್ನಿನಲ್ಲಿ ಬಿಟ್ಟು ಬರುವುದು, ಯಾರೂ ಕಾಣದ ಹಾಗೆ, ಎಂದುಕೊಂಡಿದ್ದ. ಅಣ್ಣನ ಗಾಡಿಯನ್ನು ಬಿಳಿ ದೀಪ ಇಟ್ಟು ಬಿಟ್ಟು ಬರಲು ಮನಸ್ಸಾಗದೆ ಹಸಿರು ಕಾಗದ ಹಾಕಿಸಿದ್ದ. ಹರಿದ ಹುರಿಯ ಜಾಗದಲ್ಲಿ ತಾನೇ ನೂತು ಕಟ್ಟಿದ್ದ. ಸ್ವಪ್ನಿಲ ಪರೀಕ್ಷೆಗೆಂದು ಹಚ್ಚಿದ ದೀಪವನ್ನು ಕೇದಾರಿ ಆರಿಸುವುದು ಮರೆತಿದ್ದ. ದಾರಿಯಲ್ಲಿ ಫೋಟೋ ಬಿತ್ತು.

"ಮನಿಗೆ ಬಂದ್ರ ನೀ ಎದ್ದು ಕುಂತಿದ್ದಿ, ವೈನಿ. ಎರಡು ತಿಂಗಳ ಮ್ಯಾಲ ರೊಟ್ಟಿ ಬಡ್ಯಾಕತ್ತಿದ್ದಿ. ಅಣ್ಣ ಅದಾನ ಕೇದಾರಿ, ಅಂದಿ. ಇಲ್ಲ ಅಂತ ಹೆಂಗ ಹೇಳಲಿ? ಗಾಡಿ ಮತ್ತ ಬಿಡಾಕ ಆಗಲಿಲ್ಲ. ಬಳಿ ಒಡಸ್ತಾರಂದಾಗ ಗಡಹಿಂಗ್ಲಜಕ್ಕ ಹೋದ್ನಿ. ಅಣ್ಣ ಕುರಿ ಹೊಡಕೊಂಡು ಹೋಗೂ ದಾರಿ ಅದು, ನೀ ನಂಬತಿ ಅಂತ."

ಜಿನಗೊಂಡ ತಲೆ ತಗ್ಗಿಸಿದ್ದ. "ತಪ್ಪಾತು ತಮ್ಮಾ" ಎಂದ. ಆ ಗಟ್ಟಿ ದನಿ ಎಲ್ಲೋ ಹೋಗಿತ್ತು.

ಮಾಯವ್ವ ಅಳಲಿಲ್ಲ. ಮೇಜಿನ ಹತ್ತಿರ ಬಂದು ಹೊಳೆಯ ಮರಳಿದ್ದ ಹುರಿಯನ್ನು ಎತ್ತಿಕೊಂಡಳು. ಎರಡು ಬೆರಳ ನಡುವೆ ಅದನ್ನು ಉದ್ದಕ್ಕೂ ಸವರಿದಳು, ಒಮ್ಮೆ, ಮತ್ತೊಮ್ಮೆ. "ನನಗ ಗೊತ್ತಾಗಬೇಕಿತ್ತು" ಎಂದಳು. "ಆ ಫೋಟೋ ದಿನಾ ಕೈಯಾಗ ಇತ್ತು. ಎಡಮುರಿ ಬಲಮುರಿ ನನಗ ಗೊತ್ತಿಲ್ಲೇನ್ರಿ? ನೋಡಬಾರದಂತ ನೋಡಲಿಲ್ಲ."

ಮುಕ್ತಾಬಾಯಿ ಕಣ್ಣು ಒರೆಸಿಕೊಂಡದ್ದನ್ನು ನಾನು ಅವತ್ತೇ ಮೊದಲು ನೋಡಿದೆ.

ಮಾರನೇ ದಿನ ಠಾಣೆಗೆ ಅರ್ಜಿ ಬರೆದೆ. ಭಾಷಣಕ್ಕೆ ಮುಕ್ತಾಬಾಯಿ ಅವತ್ತು ಅಡ್ಡಿ ಮಾಡಲಿಲ್ಲ. ಮೂರು ದಂಡದ ಪ್ರತಿಗಳನ್ನು ಲಗತ್ತಿಸಿ ಬರೆದೆ: "ಈ ಗಾಡಿಯನ್ನು ತಾವು ಮೂರು ಸಲ ಹುಡುಕಿ ಹಿಡಿದಿದ್ದೀರಿ. ಇದರ ಒಡೆಯನನ್ನು ಒಂದು ಸಲವೂ ಹುಡುಕಲಿಲ್ಲ. ದಂಡ ಕಟ್ಟಲು ತಯಾರಿದ್ದೇವೆ. ಕಾಣೆಯಾದವನ ತಕ್ರಾರು ಬರೆದುಕೊಳ್ಳಲು ತಾವು ತಯಾರಿದ್ದೀರಾ?" ವಾಚನಾಲಯದ ನಲವತ್ತು ಜನ ಬಾಗಿಲಲ್ಲಿ ನಿಂತೆವು. ಎಂಟು ತಿಂಗಳ ಮೇಲೆ ಧೋಂಡಿಬಾನ ಹೆಸರು ಸರಕಾರದ ಪುಸ್ತಕದಲ್ಲಿ ಮನುಷ್ಯನ ಹೆಸರಾಗಿ ಬಿತ್ತು.

ಆ ವಾರವೇ ಮಾಯವ್ವ ಹೇಳಿ ಕಳಿಸಿದಳು. ನಾವು ದತ್ತವಾಡ ಮುಟ್ಟಿದಾಗ ಹೊತ್ತು ಮುಳುಗುತ್ತಿತ್ತು. ಹಿಂಡು ಹಟ್ಟಿಯಲ್ಲಿ ಮಲಗಿತ್ತು. ಅವಳು ಒಲೆ ಹಚ್ಚಿ, ಹಿಟ್ಟು ನಾದಿಟ್ಟು, ರಸ್ತೆಗೆ ಮುಖ ಮಾಡಿ ಕೂತಿದ್ದಳು. ಹಂಚು ಇನ್ನೂ ಗೋಡೆಗೆ ಒರಗಿತ್ತು.

"ಒಂದ ಸಲ ತಗೊಂಡು ಬಾ ಅಂದೇನಿ ಕೇದಾರಿಗೆ" ಎಂದಳು. "ಯಾರು ಬರ್ತಾರಂತ ಗೊತ್ತಿಟ್ಟುಕೊಂಡು ನೋಡಬೇಕು."

ಬಿಳಿ ದೀಪಗಳು ಹೋದವು. ಕಬ್ಬಿನ ಟ್ರ್ಯಾಕ್ಟರ್ ಹೋಯಿತು. ಆಮೇಲೆ ತಿರುವಿನಲ್ಲಿ, ಕಬ್ಬಿನ ಗರಿಗಳ ನಡುವೆ, ಒಂದು ಹಸಿರು ಮೂಡಿತು. ಮರೆಯಾಯಿತು, ಮತ್ತೆ ಮೂಡಿತು. ಕುರಿಗಳು ಕಿವಿ ನಿಮಿರಿಸಿದವು, ಬೆದರಲಿಲ್ಲ. ಮಾಯವ್ವನ ಕೈ ತಾನಾಗಿಯೇ ಹಂಚಿನ ಕಡೆ ಹೋಯಿತು, ಅರ್ಧದಲ್ಲಿ ನಿಂತಿತು.

ಗಾಡಿ ಅಂಗಳಕ್ಕೆ ಬಂದು ನಿಂತಿತು. ಕೇದಾರಿ ಕೆಳಗಿಳಿಯಲಿಲ್ಲ. ಹಸಿರು ಬೆಳಕು ಅವಳ ಸೀರೆಯ ಮೇಲೆ, ಮುಖದ ಮೇಲೆ, ಇನ್ನೂ ಒಡೆಯದ ಬಳೆಗಳ ಮೇಲೆ ಬಿದ್ದಿತ್ತು. ಅವಳು ಆ ಬೆಳಕಿನೊಳಗೆ ಬಹಳ ಹೊತ್ತು ನಿಂತಳು. ಆಮೇಲೆ ಹತ್ತಿರ ಹೋಗಿ, ಕೈಚಾಚಿ, ತಾನೇ ಸ್ವಿಚ್ಚು ಒತ್ತಿದಳು.

ಕತ್ತಲಲ್ಲಿ ಇಂಜಿನ್ನಿನ ಸದ್ದು ಮಾತ್ರ ಉಳಿಯಿತು. ಕೇದಾರಿ ಅದನ್ನೂ ನಿಲ್ಲಿಸಿದ.

"ಕೈ ತೊಳಕೋ" ಎಂದಳು ಮಾಯವ್ವ, ಹಂಚು ಎತ್ತಿ ಒಲೆಯ ಮೇಲಿಡುತ್ತ. "ರೊಟ್ಟಿ ಇನ್ನ ಮ್ಯಾಲ ಆಗಬೇಕು. ಕುಂದ್ರಬೇಕಾಗತೇತಿ."